ನಮ್ಮ ಜಿಲ್ಲೆಗೆ ಮೃಗಾಲಯ ಬೇಡ, ಕಾಡುಪ್ರಾಣಿಗಳಿಗೊಂದು ಆಸ್ಪತ್ರೆ ಕೊಡಿ

ಮಾನ್ಯ ಅರಣ್ಯ ಸಚಿವರಿಗೆ, ಉತ್ತರ ಕನ್ನಡದ ಸಂಸದರಿಗೆ ಮತ್ತು ಜಿಲ್ಲೆಯ ಎಲ್ಲ ಶಾಸಕರಿಗೆ,

ಸವಿನಯ ನಮಸ್ಕಾರಗಳು.

ನಾನು ಶಿರಸಿ ತಾಲೂಕಿನ ಹಳ್ಳಿಯವಳು. ಪಶುವೈದ್ಯೆ. ಒಟ್ಟು 32 ವರ್ಷ ನೌಕರಿ ಮಾಡಿದೆ. ಅದರಲ್ಲಿ 19 ವರ್ಷ ರಾಜ್ಯದ ಒಂದು ಮೃಗಾಲಯದಲ್ಲಿ ಕಳೆಯಿತು. ಕೊನೆಯ ಎಂಟು ವರ್ಷ ಅಲ್ಲಿ ಹಿರಿಯ ವೈದ್ಯಾಧಿಕಾರಿಯಾಗಿದ್ದೆ. ಎರಡು ತಿಂಗಳ ಹಿಂದೆ ನಿವೃತ್ತಳಾಗಿ ಊರಿಗೆ ಬಂದಿದ್ದೇನೆ. ಈ ಪತ್ರದಲ್ಲಿರುವ ಮಾತುಗಳನ್ನು ನೌಕರಿಯಲ್ಲಿದ್ದಾಗಲೇ ಟಿಪ್ಪಣಿಗಳಲ್ಲಿ ಬರೆದಿದ್ದೆ, ಸಭೆಗಳಲ್ಲಿ ಹೇಳಿದ್ದೆ. ಈಗ ಎಲ್ಲರ ಎದುರು ಹೇಳುತ್ತಿದ್ದೇನೆ. ಯಾವ ಮೃಗಾಲಯ, ಯಾವ ಕಚೇರಿ, ಯಾವ ಅಧಿಕಾರಿ ಅಂತ ಹೆಸರು ಬರೆಯುವುದಿಲ್ಲ. ಅವರಲ್ಲಿ ಹೆಚ್ಚಿನವರು ಇದ್ದುದರಲ್ಲೇ ದುಡಿದವರು. ಅವರ ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದೇ ನನ್ನ ದೂರು.

ಒಂದು ರಾತ್ರಿಯ ಕತೆ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ ಮುಗಿದು ಅಡಿಕೆ ಕೊಯ್ಲು ನಡೆದಿತ್ತು. ರಾತ್ರಿ ಒಂದೂವರೆಗೆ ಮೃಗಾಲಯದ ಹಿಂದಿನ ಗೇಟಿಗೆ ಜೀಪು ಬಂತು. ಹಿಂದೆ ಕಬ್ಬಿಣದ ಬೋನು, ಅದರ ಮೇಲೆ ಟಾರ್ಪಾಲು. ಒಳಗೆ ಒಂದು ಹೆಣ್ಣು ಚಿರತೆ. ಜೊತೆಗೆ ಬಂದ ಗಾರ್ಡ್ ಒಂದು ಕಾಗದ ಕೊಟ್ಟರು. ಪ್ರಾಣಿ ಸಿಕ್ಕ ಸ್ಥಳ ಅನ್ನುವ ಕಡೆ ಬರೆದಿದ್ದ ಊರಿನ ಹೆಸರು ಓದಿ ಒಂದು ಕ್ಷಣ ನನ್ನ ಕೈ ನಿಂತಿತು. ಅದು ನನ್ನ ಸೋದರತ್ತೆಯ ಊರು. ನಮ್ಮ ಮನೆಯ ಹಿಂದಿನ ಬೆಟ್ಟ ಹತ್ತಿ ಇಳಿದರೆ ಸಿಗುತ್ತದೆ. ಚಿಕ್ಕವಳಿದ್ದಾಗ ಆಯಿಯ ಕೈ ಹಿಡಿದು ಆ ಕಾನಿನ ದಾರಿಯಲ್ಲಿ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ.

ಚಿರತೆ ಸಿಕ್ಕಿಬಿದ್ದಿದ್ದು ತೋಟದ ಅಂಚಿನಲ್ಲಿ. ಹಂದಿಗೆಂದು ಯಾರೋ ಕಟ್ಟಿದ್ದ ಉರುಳು. ಬೈಕಿನ ಬ್ರೇಕ್ ತಂತಿ ಸೊಂಟಕ್ಕೆ ಬಿಗಿದಿತ್ತು. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಬಂದ, ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮೊದಲು ನೋಡಿದರಂತೆ. ಏಳೂವರೆಗೆ ಅರಣ್ಯ ಸಿಬ್ಬಂದಿ ಬಂದರು. ಅವರ ಬಳಿ ಬಲೆ ಇತ್ತು, ಹಗ್ಗ ಇತ್ತು, ಕೋಲು ಇತ್ತು. ಅರಿವಳಿಕೆ ಹೊಡೆಯುವ ಬಂದೂಕು ಇರಲಿಲ್ಲ. ಅದನ್ನು ಬಳಸಲು ಬಲ್ಲವರೂ ಇರಲಿಲ್ಲ. ಬಲ್ಲವರು ಇದ್ದದ್ದು ಬೇರೆ ಜಿಲ್ಲೆಯಲ್ಲಿ. ಹಿಂದಿನ ರಾತ್ರಿಯೆಲ್ಲ ಒಂದು ಆನೆಯ ಬೆನ್ನು ಹತ್ತಿ, ಬೆಳಗಿನ ಜಾವ ಮಲಗಿದ್ದ ಆ ವೈದ್ಯರು ಎದ್ದು ಹೊರಟು ಊರು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಅಷ್ಟರಲ್ಲಿ ತೋಟದ ತುಂಬ ಜನ. ಮರ ಹತ್ತಿ ಮೊಬೈಲ್ ಹಿಡಿದವರೂ ಇದ್ದರು. ಕೂಗು ಎದ್ದಾಗಲೆಲ್ಲ ಚಿರತೆ ಎಗರುತ್ತಿತ್ತು. ಎಗರಿದಾಗಲೆಲ್ಲ ತಂತಿ ಇನ್ನಷ್ಟು ಒಳಗೆ ಇಳಿಯುತ್ತಿತ್ತು.

ನನ್ನ ಮುಂದೆ ಬಂದಾಗ ಅದು ಕೂಗುತ್ತಲೂ ಇರಲಿಲ್ಲ. ಬೋನಿನ ಮೂಲೆಗೆ ಒತ್ತಿಕೊಂಡು ಒಂದೇ ಸಮ ಉಸಿರಾಡುತ್ತಿತ್ತು. ಮದ್ದು ಕೊಟ್ಟು ಮಲಗಿಸಿದೆವು. ಕೆಟಮಿನ್ ಕೊಟ್ಟಾಗ ಚಿರತೆಯ ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಒಣಗದ ಹಾಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಬೇಕು. ಕಟ್ಟುವಾಗ ಆ ಕಣ್ಣುಗಳನ್ನು ನೋಡಿದೆ. ಆಮೇಲೆ ತಂತಿ ಕೊರೆದ ಗಾಯ ತೊಳೆದೆವು. ಮೂತ್ರಕ್ಕೆ ನಳಿಕೆ ಹಾಕಿದೆವು. ಬಂದ ಮೂತ್ರ ಕಾಫಿ ಬಣ್ಣದ್ದು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಯಾಕೆ ಗೊತ್ತಾಯಿತು ಅಂತ ನಿಮಗೆ ಹೇಳಬೇಕು. ಈ ಪತ್ರದ ಎಲ್ಲ ಮಾತು ಅದರ ಮೇಲೆಯೇ ನಿಂತಿದೆ. ಉರುಳಿನಲ್ಲಿ ಸಿಕ್ಕ ಪ್ರಾಣಿ ತಾಸುಗಟ್ಟಲೆ ಒದ್ದಾಡುತ್ತದೆ. ಮಾಂಸಖಂಡಗಳು ಒಳಗೊಳಗೇ ಒಡೆಯುತ್ತವೆ. ತಂತಿ ಬಿಗಿದ ಕಡೆ ರಕ್ತ ಓಡುವುದಿಲ್ಲ. ತಂತಿ ಕತ್ತರಿಸಿದ ಮೇಲೆ ಒಡೆದ ಮಾಂಸದ ವಿಷವೆಲ್ಲ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಎರಡು ಮೂರು ತಾಸಿನಲ್ಲಿ ಪ್ರಾಣಿಯನ್ನು ಮಲಗಿಸಿ, ತಂತಿ ಬಿಡಿಸಿ, ನರಕ್ಕೆ ಡ್ರಿಪ್ ಹಾಕಿದರೆ ಮೂತ್ರಪಿಂಡ ಉಳಿಯುವ ಸಾಧ್ಯತೆ ಬಹಳ ಜಾಸ್ತಿ. ಗಾಯ ಚಿಕ್ಕದಿದ್ದರೆ ಕೆಲವೇ ದಿನಗಳಲ್ಲಿ ಅದೇ ಕಾಡಿಗೆ ಬಿಡಬಹುದು. ತಡವಾದರೆ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಎದ್ದು ನಿಲ್ಲುತ್ತದೆ, ಗುರ್‌ ಅನ್ನುತ್ತದೆ. 'ರಕ್ಷಣೆ ಯಶಸ್ವಿ' ಅಂತ ಸುದ್ದಿ ಬರುತ್ತದೆ. ಐದಾರು ದಿನಕ್ಕೆ ಸಾಯುತ್ತದೆ. ಆ ಸಾವಿನ ಸುದ್ದಿ ಬರುವುದಿಲ್ಲ.

ನಮ್ಮದು ನಾಲ್ಕನೆಯ ದಿನ ಸ್ವಲ್ಪ ಕೋಳಿಮಾಂಸ ತಿಂದಿತು. ಕೀಪರ್ ಓಡಿ ಬಂದು, "ಮೇಡಂ, ತಿಂತು ಮೇಡಂ" ಅಂದರು. ಏಳನೆಯ ದಿನ ಬೆಳಗಾಗುವಾಗ ಸತ್ತಿತ್ತು. ಪೋಸ್ಟ್‌ಮಾರ್ಟಂ ನಾನೇ ಮಾಡಿದೆ. ಮೂತ್ರಪಿಂಡಗಳು ಕಪ್ಪಾಗಿ ಊದಿದ್ದವು. ಇನ್ನೊಂದು ವಿಷಯ ಮೊದಲ ರಾತ್ರಿಯೇ ಕಂಡಿತ್ತು. ಅದಕ್ಕೆ ಮೊಲೆಹಾಲಿತ್ತು. ಅಂದರೆ ಆ ಬೆಟ್ಟದಲ್ಲಿ ಎಲ್ಲೋ ಮರಿಗಳಿದ್ದವು. ಆಗಲೇ ಅಲ್ಲಿನ ಸಿಬ್ಬಂದಿಗೆ ಫೋನ್ ಮಾಡಿದೆ. ಪಾಪ, ಎರಡು ದಿನ ಬೆಟ್ಟ, ಕಾನು, ಬಂಡೆಗಳ ಸಂದು ಎಲ್ಲ ಹುಡುಕಿದರು. ಸಿಗಲಿಲ್ಲ. ಚಿರತೆ ಸಿಕ್ಕ ದಿನ ಬೆಳಿಗ್ಗೆಯೇ ವೈದ್ಯರು ಬಂದಿದ್ದರೆ ಹಾಲು ಅಂದೇ ಕಾಣುತ್ತಿತ್ತು. ಹುಡುಕುವ ಕೆಲಸವೂ ಅಂದೇ ಶುರುವಾಗುತ್ತಿತ್ತು.

ಮಾನ್ಯರೇ, ಇದು ಒಂದೇ ಘಟನೆಯಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. 19 ವರ್ಷಗಳಲ್ಲಿ ನಮ್ಮ ಜಿಲ್ಲೆಯಿಂದ ಬಂದ ಪ್ರಾಣಿಗಳ ಕಾಗದಗಳಲ್ಲಿ ಮತ್ತೆ ಮತ್ತೆ ಇದೇ ಕತೆ ಓದಿದ್ದೇನೆ. ಸಿಕ್ಕ ಹೊತ್ತು ಬೆಳಿಗ್ಗೆ, ವೈದ್ಯರು ಬಂದದ್ದು ಸಂಜೆ, ನನ್ನ ಬಳಿ ತಲುಪಿದ್ದು ನಡುರಾತ್ರಿ. ತೆರೆದ ಬಾವಿಗೆ ಬಿದ್ದ ಚಿರತೆ, ವಾಹನ ಬಡಿದ ಕಡವೆ, ಕರೆಂಟ್ ತಗುಲಿದ ಮುಸುವ, ಸಿಡಿಮದ್ದು ಕಚ್ಚಿ ದವಡೆ ಹಾರಿದ ಪ್ರಾಣಿ. ಕಡವೆ, ಜಿಂಕೆ, ಕಾಡುಕುರಿ ಇಂಥವಕ್ಕೆ ದೂರದ ಪ್ರಯಾಣವೇ ಸಾವು. ಅವು ಹೆದರಿದರೆ ಸಾಕು, ಓಡಿ ಒದ್ದಾಡಿ ಮೈ ಬಿಸಿಯೇರಿ ಮಾಂಸಖಂಡ ಒಡೆದು ಹೋಗುತ್ತದೆ. ಘಟ್ಟದ ತಿರುವುಗಳಲ್ಲಿ ನಾಲ್ಕೈದು ತಾಸು ಜೀಪಿನಲ್ಲಿ ಕುಲುಕಿಸಿ ತಂದರೆ ಉಳಿಯುವುದಾದರೂ ಹೇಗೆ?

ನಮ್ಮ ಜಿಲ್ಲೆಯ ವಿಸ್ತಾರ 10 ಸಾವಿರ ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಾಡು. ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಅಂತ ಐದು ಅರಣ್ಯ ವಿಭಾಗಗಳಿವೆ. ಜೊತೆಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿಯ ಹೊಳೆಯಲ್ಲಿ ಮೊಸಳೆ, ಅಲ್ಲಿನ ಮರಗಳಲ್ಲಿ ಮಂಗಟ್ಟೆ ಹಕ್ಕಿ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕ. ಭತ್ತ ಬಲಿಯುವ ಹೊತ್ತಿಗೆ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಆನೆ. ಕೆಳಗೆ ಕಡಲತೀರದಲ್ಲಿ ಆಮೆ. ಇಷ್ಟೊಂದು ಜೀವಗಳಿರುವ ಜಿಲ್ಲೆಯಲ್ಲಿ ಗಾಯಗೊಂಡ ಒಂದು ಪ್ರಾಣಿಗೆ ಎರಡು ತಾಸಿನೊಳಗೆ ತರಬೇತಾದ ವೈದ್ಯರು ಸಿಕ್ಕ ಒಂದು ಉದಾಹರಣೆಯೂ ನನ್ನ ಕೈಗೆ ಬಂದ ಕಾಗದಗಳಲ್ಲಿ ಇರಲಿಲ್ಲ. ಬನ್ನೇರುಘಟ್ಟದಲ್ಲಿ, ಮೈಸೂರಿನ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. ಒಳ್ಳೆಯದೇ. ಆದರೆ ಅವು ನಮ್ಮಿಂದ ಒಂದು ಇಡೀ ದಿನದ ದಾರಿ.

ಊರಿನ ಪಶು ಆಸ್ಪತ್ರೆಯ ವೈದ್ಯರು ಇದ್ದಾರಲ್ಲ ಅನ್ನುತ್ತೀರಿ. ನಾನೂ 13 ವರ್ಷ ಆ ಕೆಲಸ ಮಾಡಿದವಳೇ. ದನಕ್ಕೆ ಹೆರಿಗೆ ಮಾಡಿಸುವುದು, ಎಮ್ಮೆಯ ಕೆಚ್ಚಲುಬಾವು, ಕಾಲುಬಾಯಿ ಜ್ವರದ ಲಸಿಕೆ ಇದರಲ್ಲೇ ಅವರ ದಿನ ಮುಗಿಯುತ್ತದೆ. ಅಂಥವರನ್ನು ಏಕಾಏಕಿ ಕರೆದು, "ಡಾಕ್ಟ್ರೇ, ಚಿರತೆ ಬಂದಿದೆ, ಏನಾದರೂ ಮಾಡಿ" ಅಂದರೆ ಏನು ಮಾಡಬೇಕು? ದನವನ್ನು ಮುಟ್ಟಿ ನೋಡಬಹುದು. ಕಾಡುಪ್ರಾಣಿಯನ್ನು ದೂರದಿಂದ ನೋಡಿಯೇ ತೂಕ ಅಂದಾಜು ಮಾಡಬೇಕು, ಮದ್ದು ಅಳೆಯಬೇಕು. ಜಾಸ್ತಿಯಾದರೆ ಪ್ರಾಣಿ ಸಾಯುತ್ತದೆ. ಕಡಿಮೆಯಾದರೆ ಅರ್ಧ ಮಂಪರಿನಲ್ಲಿ ಎದ್ದು ಜನರ ಮೇಲೆ ಬೀಳುತ್ತದೆ. ಮೊದಲ ವರ್ಷ ನನಗೂ ಬರುತ್ತಿರಲಿಲ್ಲ. ಮೃಗಾಲಯದ ಹಿರಿಯ ಕೀಪರ್‌ಗಳು ನನಗೆ ಕಲಿಸಿದರು. ನೋವಿದ್ದರೆ ಕಾಡುಪ್ರಾಣಿ ಮುಚ್ಚಿಡುತ್ತದೆ. ದಿನಾ ಊಟ ಹಾಕುವವರಿಗೆ ಮಾತ್ರ ಸಣ್ಣ ವ್ಯತ್ಯಾಸ ತಿಳಿಯುತ್ತದೆ. "ಮೇಡಂ, ಇವಳು ಇವತ್ತು ಯಾಕೋ ಸರಿ ಇಲ್ಲ" ಅಂತ ಅವರು ಹೇಳಿದ ದಿನ ನಾನು ಬೇರೆಲ್ಲ ಕೆಲಸ ಬಿಟ್ಟು ಆ ಪ್ರಾಣಿಯ ಮನೆಯ ಮುಂದೆ ಕೂರುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಅವರ ಮಾತೇ ನಿಜವಾಗಿರುತ್ತಿತ್ತು. ಇಂಥ ಕಲಿಕೆ ಎರಡು ದಿನದ ಕಾರ್ಯಾಗಾರದಲ್ಲಿ ಬರುವುದಿಲ್ಲ. ವರ್ಷಗಳು ಬೇಕು.

ಆದರೆ ವರ್ಷಗಳು ಸಿಗುವುದೇ ಇಲ್ಲ. ನಾನು ಕಂಡ ಮಟ್ಟಿಗೆ ಈ ಕೆಲಸಕ್ಕೆ ಬರುವ ವೈದ್ಯರಲ್ಲಿ ಹೆಚ್ಚಿನವರು ಪಶುಪಾಲನಾ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು, ಇಲ್ಲವೇ ಗುತ್ತಿಗೆಯವರು. ನಿಯೋಜನೆಯವರು ಕೈ ಪಳಗುವ ಹೊತ್ತಿಗೆ ವಾಪಸ್ ಹೋಗುತ್ತಾರೆ. ಗುತ್ತಿಗೆಯವರು ಬೇರೆ ನೌಕರಿ ಸಿಕ್ಕ ಕೂಡಲೇ ಹೊರಡುತ್ತಾರೆ, ತಪ್ಪೇನಿಲ್ಲ, ಅವರಿಗೂ ಸಂಸಾರವಿದೆ. ನನ್ನ ಕೈಯಲ್ಲಿ ತಯಾರಾದ ಐದು ಜನ ಹುಡುಗ ಹುಡುಗಿಯರಲ್ಲಿ ಇವತ್ತು ಕಾಡುಪ್ರಾಣಿಗಳ ಕೆಲಸದಲ್ಲಿ ಉಳಿದವರು ಒಬ್ಬರೇ. ಉಳಿದ ನಾಲ್ವರೂ ಬಹಳ ಪ್ರೀತಿಯಿಂದ ಬಂದಿದ್ದರು.

ಇದು ಅಪಾಯದ ಕೆಲಸವೂ ಹೌದು. ಆನೆಗೆ ಕೊಡುವ ಎಟಾರ್ಫಿನ್ ಎಂಬ ಮದ್ದಿನ ಒಂದೆರಡು ಹನಿ ಮನುಷ್ಯನ ಮೈಗೆ ಸೇರಿದರೂ ಜೀವಕ್ಕೆ ಕುತ್ತು. ಪ್ರತಿಮದ್ದು ತುಂಬಿದ ಸಿರಿಂಜ್ ಇಟ್ಟುಕೊಂಡು ಪಕ್ಕದಲ್ಲಿ ಇನ್ನೊಬ್ಬರು ನಿಂತಿರಬೇಕು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ ಏನಾಯಿತು ಅನ್ನುವುದು ನಿಮಗೆ ನೆನಪಿದೆ. ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹೊಡೆದ ಅರಣ್ಯ ಇಲಾಖೆಯ ಶಾರ್ಪ್‌ಶೂಟರ್ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಬಲಿಯಾದರು. ಅಂಥ ಅನುಭವ ಇದ್ದವರಿಗೇ ಹಾಗಾಯಿತು. ತರಬೇತಿ ಇಲ್ಲದ ಊರಿನ ಪಶುವೈದ್ಯರನ್ನು ಕೈಯಲ್ಲಿ ಏನೂ ಕೊಡದೆ ಮುಂದೆ ತಳ್ಳಬೇಡಿ.

ಈಗ ಕಡಲ ಕಡೆ ಬರುತ್ತೇನೆ.

ಒಂದು ಮಳೆಗಾಲದ ರಾತ್ರಿ ಕಾರವಾರದ ಕಡೆಯ ಮೀನುಗಾರ ಹುಡುಗನೊಬ್ಬ ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡಿದ. "ಮೇಡಂ, ದೊಡ್ಡ ಆಮೆ ಸಿಕ್ಕಿದೆ. ಬಲೆ ಸುತ್ತಿಕೊಂಡು ಒಂದು ಕೈ ಕೊಳೆತ ಹಾಗಿದೆ. ಸಮುದ್ರಕ್ಕೆ ಬಿಟ್ಟರೆ ಮುಳುಗ್ತಾ ಇಲ್ಲ, ತೇಲ್ತಾನೇ ಇದೆ. ಮತ್ತೆ ಬಿಡಲಾ?" ಬಿಡಬೇಡ ಅಂದೆ. ತೇಲುವ ಆಮೆಗೆ ಒಳಗೆ ಏನೋ ಆಗಿರುತ್ತದೆ. ಮುಳುಗಲು ಆಗದ್ದು ತಿನ್ನಲೂ ಆಗದೆ ಸಾಯುತ್ತದೆ. ಒದ್ದೆ ಗೋಣಿಚೀಲ ಹೊದಿಸು, ಮೂಗು ಬಿಟ್ಟು, ಸಿಹಿನೀರಿಗೆ ಹಾಕಬೇಡ, ಹಿಂಭಾಗ ಸ್ವಲ್ಪ ಎತ್ತರಿಸಿ ಇಡು ಅಂತ ಹೇಳಿದೆ. ನೀರು ಕುಡಿದ ಕಡಲಾಮೆ ಸತ್ತ ಹಾಗೆಯೇ ಬಿದ್ದಿರುತ್ತದೆ, ಆದರೆ ಒಂದು ದಿನದ ಮೇಲೂ ಚೇತರಿಸಿಕೊಳ್ಳುವುದುಂಟು. ಆ ಹುಡುಗ, ಅವನ ಅಮ್ಮ, ಅವನ ತಮ್ಮ ರಾತ್ರಿಯಿಡೀ ಚೀಲ ಒಣಗದ ಹಾಗೆ ಉಪ್ಪುನೀರು ಚಿಮುಕಿಸುತ್ತ ಕೂತರು. ನಾನು ನೂರಾರು ಕಿಲೋಮೀಟರ್ ದೂರದಿಂದ ಫೋನಿನಲ್ಲಿ ಮಾತಾಡುತ್ತಿದ್ದೆ.

ಬೆಳಿಗ್ಗೆ ಅರಣ್ಯ ಸಿಬ್ಬಂದಿ ಬಂದರು. ಊರಿನ ಪಶುವೈದ್ಯರೂ ಬಂದರು. ಒಳ್ಳೆಯ ಮನುಷ್ಯ, ನನಗೇ ಫೋನ್ ಮಾಡಿ ಕೇಳಿ ಕೇಳಿ ಔಷಧ ಕೊಟ್ಟರು. ಆ ಕೈ ಕತ್ತರಿಸಬೇಕಿತ್ತು. ಎಲ್ಲಿ ಕತ್ತರಿಸುವುದು? ಆಮೇಲೆ ವಾರಗಟ್ಟಲೆ ಶುದ್ಧ ಕಡಲನೀರಿನ ತೊಟ್ಟಿಯಲ್ಲಿ ಇಡಬೇಕು. ತೊಟ್ಟಿ ಎಲ್ಲಿ? ಎರಡು ದಿನ ಅಲ್ಲಿ ಇಲ್ಲಿ ಕೇಳಿದ್ದೇ ಆಯಿತು. ಮೂರನೆಯ ದಿನ ಆಮೆ ಸತ್ತಿತು. ಹುಡುಗ ಫೋನ್ ಮಾಡಿ ಮಾತಾಡಲಿಲ್ಲ, ಒಂದು ಫೋಟೊ ಕಳಿಸಿದ ಅಷ್ಟೆ.

ಕಾರವಾರ, ಹೊನ್ನಾವರದ ತೀರದಲ್ಲಿ ಕಡಲಾಮೆ ಮೊಟ್ಟೆ ಇಟ್ಟರೆ ಅರಣ್ಯ ಇಲಾಖೆಯವರೂ ಊರವರೂ ಸೇರಿ ಬೇಲಿ ಹಾಕಿ ಕಾಯುತ್ತಾರೆ. ಸುಮಾರು 50 ದಿನ ನಾಯಿ ನರಿ ಬರದ ಹಾಗೆ ನೋಡಿಕೊಂಡು, ಮರಿಗಳನ್ನು ಕಡಲಿಗೆ ಬಿಡುವಾಗ ಮಕ್ಕಳನ್ನು ಕರೆದು ತೋರಿಸುತ್ತಾರೆ. ನೋಡಿದರೆ ಹೊಟ್ಟೆ ತುಂಬುತ್ತದೆ. ಮರಿಗೆ ಇಷ್ಟು ಮಾಡುವ ನಾವು ಗಾಯಗೊಂಡು ದಡಕ್ಕೆ ಬಂದ ತಾಯಿಗೆ ಒಂದು ತೊಟ್ಟಿ ಕಟ್ಟಲಾರೆವಾ? ಕಡಲನೀರು ಎತ್ತಿ ಶೋಧಿಸಿ ತೊಟ್ಟಿಗೆ ಬಿಡುವ ವಿದ್ಯೆ ಗೊತ್ತಿರುವವರು ಕಾರವಾರದಲ್ಲೇ ಇದ್ದಾರೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಅಲ್ಲಿದೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅವರನ್ನೂ ಅರಣ್ಯ ಇಲಾಖೆಯನ್ನೂ ಒಂದು ಮೇಜಿನ ಮುಂದೆ ಕೂರಿಸುವವರು ಬೇಕು. ಅದು ನಿಮ್ಮಿಂದ ಆಗುವ ಕೆಲಸ.

ಜಿಲ್ಲೆಗೆ ಒಂದು ಮೃಗಾಲಯ ತಂದರೆ ಪ್ರವಾಸಿಗರೂ ಬರುತ್ತಾರೆ, ಪ್ರಾಣಿಗಳಿಗೂ ಆಸ್ಪತ್ರೆ ಆಗುತ್ತದೆ ಅಂತ ಕೆಲವರು ನನ್ನ ಬಳಿ ಹೇಳಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. 19 ವರ್ಷ ಮೃಗಾಲಯದ ಅನ್ನ ತಿಂದವಳು ಹೇಳುತ್ತಿದ್ದೇನೆ. ಮೃಗಾಲಯಗಳ ಬಗ್ಗೆ ನನಗೆ ಗೌರವ ಇದೆ. ಅಳಿದು ಹೋಗುವ ಜೀವಗಳನ್ನು ಅವು ಉಳಿಸಿ ಬೆಳೆಸುತ್ತವೆ, ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟಿಸುತ್ತವೆ. ಆದರೆ ಗಾಯಗೊಂಡ ಕಾಡುಪ್ರಾಣಿಗೆ ಬೇಕಾಗಿರುವುದು ನೋಡುವ ಜನರಲ್ಲ. ಅದಕ್ಕೆ ಬೇಕಾಗಿರುವುದು ಕತ್ತಲೆ, ಮೌನ, ಔಷಧ ಮತ್ತು ಆದಷ್ಟು ಬೇಗ ಮನೆಗೆ ಹೋಗುವ ದಾರಿ. ಮೃಗಾಲಯಕ್ಕೂ ಇದು ಒಳ್ಳೆಯದಲ್ಲ. ಕಾಡಿನಿಂದ ಬರುವ ಪ್ರಾಣಿ ಯಾವ ರೋಗ ತರುತ್ತದೋ ಗೊತ್ತಿರುವುದಿಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನ ಸಿಂಹಗಳಿಗೆ ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ವೈರಸ್ ತಗುಲಿದಾಗ ದೇಶದ ಮೃಗಾಲಯಗಳ ವೈದ್ಯರಿಗೆಲ್ಲ ನಿದ್ದೆ ಇರಲಿಲ್ಲ. ಹೊಸ ಪ್ರಾಣಿ ಬಂದಾಗಲೆಲ್ಲ ಅದನ್ನು ತಿಂಗಳುಗಟ್ಟಲೆ ಬೇರೆ ಇಡಬೇಕು. ನಮ್ಮಲ್ಲಿ ಅದಕ್ಕಿದ್ದ ಜಾಗ ಯಾವಾಗಲೂ ತುಂಬಿಯೇ ಇರುತ್ತಿತ್ತು.

ಹೊನ್ನಾವರದ ಕಡೆಯಿಂದ ಬಂದ ಒಂದು ಗಂಡು ಚಿರತೆ ಇನ್ನೂ ಅಲ್ಲಿದೆ. ಮುಂಗಾಲು ಉರುಳಿನಲ್ಲಿ ಸಿಕ್ಕಿತ್ತು. ಬಂದಾಗ ಪಾದ ತಣ್ಣಗಾಗಿತ್ತು, ವಾಸನೆ ಶುರುವಾಗಿತ್ತು. ಮೊದಲ ದಿನವೇ ಸಿಕ್ಕಿದ್ದರೆ ಉಳಿಸಬಹುದಿತ್ತು. ಕಾಲು ತೆಗೆದೆ. ಅದಕ್ಕೆ ಆಗ ಎರಡೂವರೆ ವರ್ಷ. ಕೂಡಿಟ್ಟ ಚಿರತೆ 20 ವರ್ಷದವರೆಗೂ ಬದುಕಬಲ್ಲದು. ಮೂರು ಕಾಲಿನಲ್ಲಿ ಮರ ಹತ್ತಲು ಆಗುವುದಿಲ್ಲ, ಕಾಡಿಗೆ ಬಿಡಲು ಆಗುವುದಿಲ್ಲ. ನಾನು ಹೊರಡುವ ದಿನ ಅದರ ಮನೆಯ ಮುಂದೆ ಹೋಗಿ ನಿಂತೆ. ಸಂಜೆ ಹೊತ್ತಿಗೆ ಅದು ಪಶ್ಚಿಮದ ಗೋಡೆಯ ಪಕ್ಕ ಹಿಂದೆ ಮುಂದೆ ನಡೆಯುತ್ತದೆ. ಆರು ಹೆಜ್ಜೆ ಆ ಕಡೆ, ಆರು ಹೆಜ್ಜೆ ಈ ಕಡೆ. ನಾನು ಮಾಡಿದ ಶಸ್ತ್ರಚಿಕಿತ್ಸೆಗಳಲ್ಲಿ ಅದೂ ಒಂದು 'ಯಶಸ್ಸು' ಅಂತ ದಾಖಲಾಗಿದೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು ನಮ್ಮ ಜಿಲ್ಲೆಯ ಜನರೇ ಕೇಳುತ್ತಾರೆ. ಮನುಷ್ಯರಿಗೇ ದೊಡ್ಡ ಆಸ್ಪತ್ರೆ ಇಲ್ಲ, ಪ್ರಾಣಿಗೆ ಯಾಕೆ? ಆ ನೋವು ನನಗೂ ಗೊತ್ತು. ನನ್ನ ಅಪ್ಪಯ್ಯನಿಗೆ ಎದೆನೋವು ಬಂದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಅವರನ್ನು ಕಳೆದುಕೊಂಡೆವು. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನರೆಲ್ಲ ದನಿ ಎತ್ತಿದಾಗ ನಾನೂ ಎತ್ತಿದ್ದೆ. ಈಗಲೂ ಎತ್ತುತ್ತೇನೆ. ಒಂದನ್ನು ಕೇಳಿದರೆ ಇನ್ನೊಂದಕ್ಕೆ ಅಡ್ಡಿಯಾಗಬೇಕಿಲ್ಲ. ಪ್ರಾಣಿಗಳ ಕೇಂದ್ರಕ್ಕೆ ಬೇಕಾದ ಹಣ ಅದರ ಮುಂದೆ ಬಹಳ ಸಣ್ಣದು.

ಮತ್ತೆ, ಪ್ರಾಣಿಯ ವೈದ್ಯರು ಮನುಷ್ಯರನ್ನೂ ಕಾಯುತ್ತಾರೆ. ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರದ ಹಳ್ಳಿಗಳು ಅದರಿಂದ ಪಟ್ಟ ಪಾಡು ಇನ್ನೂ ಹಸಿಯಾಗಿದೆ. ಮುಸುವ, ಮಂಗ ಸಾಯುವುದೇ ಮೊದಲ ಎಚ್ಚರಿಕೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ ಹೋದವರಿಗೆ ಹತ್ತುತ್ತವೆ. ಸತ್ತ ಮಂಗನಿಂದ ಬೇಗ ಸ್ಯಾಂಪಲ್ ತೆಗೆದು, ಹೆಣ ಸುಟ್ಟು, ಸುತ್ತ 50 ಅಡಿ ಮದ್ದಿನ ಪುಡಿ ಹಾಕಿ, ಆ ಕಡೆ ಹೋಗಬೇಡಿ ಅಂತ ಊರಿಗೆ ಹೇಳಬೇಕು. ಕೊಳೆತ ಮೇಲೆ ತೆಗೆದ ಸ್ಯಾಂಪಲ್‌ನಿಂದ ಏನೂ ತಿಳಿಯುವುದಿಲ್ಲ. ಈ ಕೆಲಸಕ್ಕೆಂದೇ ತರಬೇತಾದ, ರಕ್ಷಣೆಯ ಉಡುಪು ಹಾಕಿಕೊಂಡು ಹೊರಡುವ ತಂಡ ಹತ್ತಿರದಲ್ಲೇ ಇದ್ದರೆ ಎಷ್ಟು ಮನೆಗಳಿಗೆ ಆಸರೆಯಾಗುತ್ತದೆ ಯೋಚಿಸಿ.

ಹಾಗಾಗಿ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ.

ಜಿಲ್ಲೆಗೆ ಎರಡು ತಂಡ ಕೊಡಿ. ಘಟ್ಟದ ಮೇಲೆ ಶಿರಸಿಯಲ್ಲೊಂದು, ಕೆಳಗೆ ಕರಾವಳಿಯಲ್ಲೊಂದು. ಒಂದೇ ಸಾಲದು. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳ ಸ್ಥಿತಿ ನಿಮಗೆ ಗೊತ್ತಿದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಒಂದೊಂದು ತಂಡದಲ್ಲಿ ಇಬ್ಬರು ವೈದ್ಯರು ಇರಲಿ. ಒಬ್ಬರೇ ಇದ್ದರೆ ಅವರು ಎಂದಿಗೂ ಮಲಗುವಂತಿಲ್ಲ. ಕಾಡುಪ್ರಾಣಿಗಳ ವೈದ್ಯರಿಗೆ ಅರಣ್ಯ ಇಲಾಖೆಯಲ್ಲೇ ಕಾಯಂ ಹುದ್ದೆ ಮಾಡಿ. ಬಡ್ತಿ, ಅಪಾಯ ಭತ್ಯೆ, ವಿಮೆ ಎಲ್ಲ ಇರಲಿ. ಗೇಟಿನಲ್ಲಿ ನಿಲ್ಲುವ, ಬೋನು ಹೊರುವ, ರಾತ್ರಿ ಕಾಯುವ ಸಹಾಯಕರಿಗೂ ಇರಲಿ. ಉರುಳಿನಿಂದ ಬಿಡಿಸುವಾಗ ಚಿರತೆಯ ಉಗುರಿಗೆ ಹತ್ತಿರ ಇರುವವರು ಅವರೇ.

ಒಂದು ಚಿಕಿತ್ಸಾ ಕೇಂದ್ರ ಕಟ್ಟಿ. ಟಿಕೆಟ್ ಕೌಂಟರ್ ಇಲ್ಲದ್ದು. ರಸ್ತೆಯಿಂದ ಒಳಗೆ, ಕಾಡಿಗೆ ಹೊಂದಿಕೊಂಡು ನಾಲ್ಕಾರು ಮರೆಯ ಮನೆಗಳು, ಒಂದು ಆಪರೇಷನ್ ಕೋಣೆ, ಒಂದು ಎಕ್ಸ್‌ರೇ, ಒಂದು ಸಣ್ಣ ಲ್ಯಾಬು ಸಾಕು. ಕರಾವಳಿಯಲ್ಲಿ ಕಡಲನೀರಿನ ಎರಡು ತೊಟ್ಟಿ. ವಾಸಿಯಾದ ಪ್ರಾಣಿ ಸಿಕ್ಕ ಕಾಡಿಗೇ ವಾಪಸ್ ಹೋಗಬೇಕು ಅನ್ನುವ ನಿಯಮ ಬರೆದಿಡಿ. ಪ್ರಾಣಿ ಸಾಗಿಸಲು ಸರಿಯಾದ ವಾಹನ ಕೊಡಿ. ಕೆಟಮಿನ್‌ನಂಥ ಮದ್ದು ಕಠಿಣ ನಿಯಂತ್ರಣದಲ್ಲಿ ಇರುವಂಥದ್ದು, ಲೈಸೆನ್ಸ್ ಬೇಕು, ಬೀಗ ಬೇಕು, ಲೆಕ್ಕ ಬೇಕು. ಅದಕ್ಕೇ ಅದು ಎಲ್ಲ ಆಸ್ಪತ್ರೆಯಲ್ಲಿ ಇರುವುದಿಲ್ಲ. ಕೇಂದ್ರ ಆದರೆ ಅಲ್ಲಿ ಇಡಬಹುದು. ಪ್ರತಿ ತಾಲೂಕಿನ ಒಬ್ಬ ಪಶುವೈದ್ಯರಿಗೆ ಮೊದಲ ಚಿಕಿತ್ಸೆಯ ತರಬೇತಿ ಕೊಟ್ಟರೆ ತಂಡ ಬರುವವರೆಗೆ ಅವರು ಪ್ರಾಣಿಯನ್ನು ಉಳಿಸಿಕೊಳ್ಳುತ್ತಾರೆ. ಪ್ರಾಣಿ ಸಿಕ್ಕ ಕಡೆ ಜನ ಸೇರದ ಹಾಗೆ ಪೊಲೀಸರು ಕೂಡಲೇ ಬರುವ ವ್ಯವಸ್ಥೆಯೂ ಬೇಕು.

ಉರುಳಿನ ಬಗ್ಗೆ ನನ್ನ ಊರಿನವರಿಗೂ ಇಲ್ಲಿಯೇ ಹೇಳುತ್ತೇನೆ. ಹಂದಿಯ ಕಾಟ ನಮ್ಮ ಮನೆಯ ಗದ್ದೆಗೂ ಇದೆ. ಒಂದೇ ರಾತ್ರಿಯಲ್ಲಿ ಬೆಳೆಯೆಲ್ಲ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಳೆನಷ್ಟದ ಪರಿಹಾರ ಬೇಗ ಸಿಗಲಿ, ಬೇಲಿಗೆ ಸಹಾಯಧನ ಸಿಗಲಿ ಅಂತ ಇದೇ ಪತ್ರದಲ್ಲಿ ಸರ್ಕಾರವನ್ನು ಕೇಳುತ್ತೇನೆ. ಆದರೆ ತಂತಿಗೆ ಹಂದಿ ಯಾವುದು, ಮರಿಗೆ ಹಾಲೂಡಿಸುವ ಚಿರತೆ ಯಾವುದು ಅಂತ ಗೊತ್ತಾಗುವುದಿಲ್ಲ. ಮೇಯಲು ಹೋದ ನಮ್ಮದೇ ದನವೂ ಸಿಕ್ಕಿದೆ. ದಯವಿಟ್ಟು ಕಟ್ಟಬೇಡಿ. ಕಂಡರೆ ಬಿಚ್ಚಿ.

ಸಚಿವರೇ, ಶಾಸಕರೇ, ನನಗೆ ಹುದ್ದೆ ಬೇಡ, ಸಂಬಳ ಬೇಡ. ಕೇಂದ್ರಕ್ಕೆ ಜಾಗ ನೋಡಲು ನೀವು ಬರುವುದಾದರೆ ನಾನು ಜೊತೆಗೆ ಬರುತ್ತೇನೆ. ಹೊಸ ವೈದ್ಯರಿಗೆ ಕಲಿಸಲು ಎರಡು ವರ್ಷ ನನ್ನ ಸಮಯ ಕೊಡುತ್ತೇನೆ. ನನ್ನ ಬಳಿ 19 ವರ್ಷದ ಕೈಬರಹದ ಪುಸ್ತಕಗಳಿವೆ. ಯಾವ ಪ್ರಾಣಿಗೆ ಎಷ್ಟು ಮದ್ದು ಕೊಟ್ಟೆ, ಎಷ್ಟು ನಿಮಿಷಕ್ಕೆ ಮಲಗಿತು, ಎಲ್ಲಿ ತಪ್ಪಿದೆ ಅಂತ ಎಲ್ಲ ಬರೆದಿದ್ದೇನೆ. ಅವನ್ನೂ ಕೊಡುತ್ತೇನೆ.

ಇನ್ನು ಕೆಲವೇ ವಾರಗಳಲ್ಲಿ ಇಲ್ಲಿ ಅಡಿಕೆಯ ಕೊನೆ ಕೊಯ್ಲು ಶುರುವಾಗುತ್ತದೆ. ಗದ್ದೆಯ ಭತ್ತವೂ ಬಲಿಯುತ್ತದೆ. ಬೆಟ್ಟದ ಅಂಚಿನಲ್ಲಿ ತಂತಿ ಕಟ್ಟುವ ಕಾಲವೂ ಅದೇ. ನಿಮ್ಮ ಉತ್ತರ ಅದಕ್ಕಿಂತ ಮೊದಲು ಬರಲಿ ಎಂದು ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಪಶುವೈದ್ಯಾಧಿಕಾರಿ,
ಶಿರಸಿ ತಾಲೂಕು, ಉತ್ತರ ಕನ್ನಡ